ಹಲಸನಿಗೆ ಹಾಸಿದ ಹೊಟ್ಟು

ಮಡಿಕೇರಿ ಜೈಲು
6 ಫೆಬ್ರವರಿ 2025

ತೇಜು ಮಗಳೇ,

ಇವತ್ತಿಗೆ ಹದಿನೆಂಟು ದಿನ. ನೀನು ಒಂದು ಸಲವೂ ಬರಲಿಲ್ಲ. ನಿನ್ನ ಕಾಮಾಕ್ಷಮ್ಮ ಅತ್ತೆ ಎರಡು ಸಲ ಬಂದು ಸೆರಗು ಒದ್ದೆ ಮಾಡಿಕೊಂಡು ಹೋದಳು. ಇಲ್ಲಿ ಫೋನ್ ಇದೆ, ಆದರೆ ಐದೇ ನಿಮಿಷ. ಅದೂ ಹಿಂದೆ ಒಬ್ಬ ನಿಂತು ಕತ್ತಿನ ಮೇಲೆ ಉಸಿರು ಬಿಡುತ್ತಿರುತ್ತಾನೆ. ಅವನ ಹಲ್ಲು ಉದುರಿಸಿಬಿಡೋಣ ಅನ್ನಿಸುತ್ತದೆ. ಅದಕ್ಕೇ ಕಾಗದ. ಇದನ್ನು ಇಲ್ಲಿನ ಆಫೀಸಿನವರು ಓದಿಯೇ ಕಳಿಸುವುದು. ಓದಿಕೊಳ್ಳಲಿ.

ಮೊದಲು ಇದನ್ನು ಹೇಳು, ನಮ್ಮ ಹಲಸ ಬದುಕಿದ್ದಾನೋ ಇಲ್ಲವೋ? ಪೊಲೀಸಿನವರು ಅವನನ್ನು ಮುಳ್ಳುಹಂದಿ ಅಂತ ಬರೆದುಕೊಂಡಿದ್ದಾರೆ. ಹಂದಿ ಅಲ್ಲ ಸ್ವಾಮಿ, ಅಂಗೈಯಲ್ಲಿ ಕೂರುವ ಮುಳ್ಳಿಲಿ, ಹೆಡ್ಜ್‌ಹಾಗ್ ಅನ್ನುತ್ತಾರೆ, ಪೇಟೆಯವರು ಬೆಕ್ಕಿನ ಹಾಗೆ ಸಾಕುತ್ತಾರೆ, ಮಗಳ ಹುಟ್ಟುಹಬ್ಬಕ್ಕೆ ಅವಳ ಮಾವನೇ ತಂದುಕೊಟ್ಟದ್ದು, ಎಳೆ ಹಲಸಿನಕಾಯಿಯ ಹಾಗೆ ಕಂಡಿತು ಅಂತ ಹೆಸರಿಟ್ಟವನು ನಾನು ಅಂತೆಲ್ಲ ಹೇಳಿದೆ. 'ಹಂದಿಗೋಸ್ಕರ ಬಾಮೈದನ ಕೈ ಕಡ್ದವ್ನು ಇವ್ನೇ ಕಣ್ರೋ' ಅಂತ ಒಬ್ಬರಿಗೊಬ್ಬರು ತೋರಿಸಿ ನಕ್ಕರು.

ನಾನು ಕಂಡದ್ದನ್ನು ಬರೆಯುತ್ತೇನೆ. ಭಾನುವಾರ ಮಧ್ಯಾಹ್ನ ಬೇಲಿ ಸವರಿ ಕತ್ತಿ ಹಿಡಿದು ಮನೆಗೆ ಬಂದೆ. ಒಳಗಿಂದ ಎಳೆಮಗು ಚೀರಿದಂಥ ಸದ್ದು. ಹಲಸನ ಗಂಟಲಿನಲ್ಲಿ ಅಂಥ ಸದ್ದು ಇದೆ ಅಂತಲೇ ನನಗೆ ಗೊತ್ತಿರಲಿಲ್ಲ. ನಡುಮನೆಯಲ್ಲಿ ನೀನು ಅವನನ್ನು ಟವೆಲಿನಲ್ಲಿ ಅಂಗಾತ ಹಿಡಿದುಕೊಂಡು ಅಳುತ್ತಿದ್ದೆ. ನಿನ್ನ ಮಾವ ಕೀರ್ತಿಕುಮಾರ್ ಬಗ್ಗಿ ನಿಂತು, ಹಲಸನ ಗಂಡಂಗವನ್ನು ಹೊರಗೆಳೆದು, ಚಿಮುಟದಲ್ಲಿ ಚುಚ್ಚುತ್ತಿದ್ದ. ಅದು ಊದಿ ಕಪ್ಪಾಗಿ ಹೊರಗೆ ಜೋತಿತ್ತು. ಕೀರ್ತಿಯ ಬೆರಳಿನ ತುಂಬ ರಕ್ತ. ಆಮೇಲಿನದರಲ್ಲಿ ನನಗೆ ನೆನಪಿರುವುದು ಕೈಯಲ್ಲಿದ್ದ ಕತ್ತಿಯ ಹಿಡಿ ಮಾತ್ರ.

ಮಾತು ಬಾರದ ಪ್ರಾಣಿಯ ಆ ಜಾಗಕ್ಕೆ ಕೈ ಹಾಕಿ ಹಿಂಸೆ ಕೊಡುವವನು ನಾಳೆ ನಿನಗೆ ಏನು ಮಾಡಿಯಾನು? ನಾನು ಅಪ್ಪನಾಗಿ ಏನು ಮಾಡಬೇಕೋ ಅದನ್ನೇ ಮಾಡಿದೆ. ಪಶ್ಚಾತ್ತಾಪ ಗಿಶ್ಚಾತ್ತಾಪ ನನ್ನ ಹತ್ತಿರ ಕೇಳಬೇಡ.

ಲಾಯರ್ ಶಶಿಕುಮಾರ್ ಮನೆಗೆ ಬರುತ್ತಾರೆ. ಅವರು ಹೇಳುವುದನ್ನು ಗಮನವಿಟ್ಟು ಕೇಳು. ನನ್ನನ್ನೂ ಕೀರ್ತಿಯನ್ನೂ ಬಿಟ್ಟರೆ ಅಲ್ಲಿದ್ದವಳು ನೀನೊಬ್ಬಳೇ. ನಾನು ಹೊರಗೆ ಬರುವುದೂ ಇಲ್ಲೇ ಕೊಳೆಯುವುದೂ ನಿನ್ನ ಬಾಯಲ್ಲಿದೆ.

ಬಾಗಿಲ ಹಿಂದೆ ಹೊಟ್ಟಿನ ಮೂಟೆ ಇದೆ. ಹಲಸನ ಪೆಟ್ಟಿಗೆಗೆ ವಾರಕ್ಕೊಮ್ಮೆ ಹೊಸದು ಹಾಕುವುದನ್ನು ಮರೆಯಬೇಡ.

ನಿನ್ನ ಅಪ್ಪ,
ಸಣ್ಣಸ್ವಾಮಿ

* * *

ಹೆಬ್ಬಾಲೆ
19 ಫೆಬ್ರವರಿ 2025

ಅಪ್ಪನಿಗೆ ತೇಜಸ್ವಿನಿ ಬರೆಯುವುದು.

ಹಲಸ ಬದುಕಿದ್ದಾನೆ. ಕೀರ್ತಿಮಾವನ ಬಲಗೈಯ ಹೆಬ್ಬೆರಳು ಮತ್ತು ಅದರ ಪಕ್ಕದ ಎರಡು ಬೆರಳು ಹೋದವು. ನೀವು ಕೇಳಿದ್ದು ಮೊದಲನೆಯದನ್ನು ಮಾತ್ರ. ಎರಡನೆಯದನ್ನು ನಾನೇ ಹೇಳುತ್ತಿದ್ದೇನೆ.

ಎರಡು ಬೆರಳು ಟವೆಲಿನ ಮೇಲೇ ಇದ್ದವು. ಹೆಬ್ಬೆರಳು ಸಿಗಲಿಲ್ಲ. ನಿಮ್ಮನ್ನು ಪಕ್ಕದ ಮನೆಯವರು ಅಂಗಳದಲ್ಲಿ ಹಿಡಿದುಕೊಂಡಿದ್ದಾಗ ನಾನು ನೆಲದ ಮೇಲೆ ತೆವಳಿಕೊಂಡು ಅದನ್ನು ಹುಡುಕುತ್ತಿದ್ದೆ. ಟಿವಿ ಸ್ಟ್ಯಾಂಡಿನ ಕೆಳಗೆ ಇತ್ತು. ಐಸಿನಲ್ಲಿಟ್ಟು ಮೈಸೂರಿಗೆ ತೆಗೆದುಕೊಂಡು ಹೋದೆವು. ಜೋಡಿಸಲು ಆಗಲಿಲ್ಲ. ಮಾವನ ಕೆಲಸ ಏನು ಅಂತ ನಿಮಗೆ ಗೊತ್ತು. ಕೂದಲಿನಷ್ಟು ತೆಳ್ಳಗಿನ ತಂತಿ ಸುತ್ತಿ ಪಂಪ್‌ಸೆಟ್ಟಿನ ಮೋಟಾರು ಕಟ್ಟುವವನು. ಈಗ ಅಂಗಿಯ ಗುಂಡಿ ಹಾಕಿಕೊಳ್ಳಲು ಆಗದೆ ಟೀಶರ್ಟು ಹಾಕುತ್ತಾನೆ.

ಅವತ್ತು ಏನಾಗುತ್ತಿತ್ತು ಅಂತ ನೀವು ಕೇಳಲಿಲ್ಲ, ಆದರೂ ಹೇಳುತ್ತೇನೆ. ಮೂರು ದಿನದಿಂದ ಹಲಸ ಊಟ ಬಿಟ್ಟು ಹೊಟ್ಟೆ ನೆಕ್ಕುತ್ತಿದ್ದ. ಗಂಡು ಮುಳ್ಳಿಲಿಯ ಹೊಟ್ಟೆಯ ನಡುವೆ ಹೊಕ್ಕುಳಿನಂತೆ ಕಾಣುವುದು ಹೊಕ್ಕುಳಲ್ಲ. ಅಂಗ ಹೊರಗೆ ಬಂದು ಒಳಗೆ ಹೋಗುವ ಚೀಲದ ಬಾಯಿ. ಅವನದು ಹೊರಗೆ ಬಂದದ್ದು ಒಳಗೆ ಹೋಗಿರಲಿಲ್ಲ. ಊದಿ, ಒಣಗಿ, ತುದಿ ಕಪ್ಪಾಗಿತ್ತು. ಮೂತ್ರ ಹನಿಹನಿಯಾಗಿ, ರಕ್ತದ ಜೊತೆ ಬರುತ್ತಿತ್ತು. ಮಾವ ಮೈಸೂರಿನ ಪ್ರಾಣಿಗಳ ಡಾಕ್ಟರಮ್ಮನಿಗೆ ಫೋನ್ ಮಾಡಿದ. ಭಾನುವಾರ, ಅವರು ಊರಿನಲ್ಲಿರಲಿಲ್ಲ. ಸಕ್ಕರೆ ನೀರು ಹಾಕಿದರೆ ಊತ ಇಳಿಯುತ್ತದೆ, ಒಳಗೆ ಏನಾದರೂ ಸಿಕ್ಕಿಕೊಂಡಿದ್ದರೆ ಮೆಲ್ಲಗೆ ತೆಗೆಯಿರಿ, ಕಾಯುತ್ತಾ ಕೂತರೆ ಮೂತ್ರ ಕಟ್ಟಿ ಸಾಯುತ್ತದೆ ಅಂದರು. ಮಾವ ಅಂಗಡಿಯಿಂದ ತನ್ನ ಚಿಮುಟ ತಂದು ಕುದಿಯುವ ನೀರಿನಲ್ಲಿ ತೊಳೆದ. ನಾನು ಹಿಡಿದುಕೊಂಡೆ. ನೀವು ಬಂದಿರಿ.

ಮಾರನೆಯ ದಿನ ಡಾಕ್ಟರಮ್ಮ ಆಪರೇಷನ್ ಮಾಡಿ ಸತ್ತುಹೋದ ತುದಿಯನ್ನು ಕತ್ತರಿಸಿ ತೆಗೆದರು. ಚೀಲದ ಒಳಗಿಂದ ಸಿಕ್ಕಿದ್ದನ್ನು ನನ್ನ ಅಂಗೈಗೆ ಹಾಕಿದರು. ಏಳು ಚೂರು. ತೆಳ್ಳಗೆ, ಹೊಂಬಣ್ಣ, ಅಂಚು ಬ್ಲೇಡಿನ ಹಾಗೆ. ಕಾಫಿ ಹೊಟ್ಟು, ಅಪ್ಪ. ನೀವು ಕಾಫಿ ವರ್ಕ್ಸಿನಿಂದ ಮೂಟೆ ಕಟ್ಟಿ ತರುತ್ತಿದ್ದ, ಬೀಜದ ಮೇಲಿನ ಪಾರ್ಚ್‌ಮೆಂಟ್ ಹೊಟ್ಟು.

'ನಿಮ್ ಕಡೆ ಎಲ್ರೂ ಕೋಳಿಗೆ ಇದನ್ನೇ ಹಾಸ್ತಾರೆ, ಕೋಳಿಗೆ ಏನೂ ಆಗಲ್ಲಮ್ಮ. ಇದರ ಹೊಟ್ಟೆ ನೆಲಕ್ಕೇ ಉಜ್ಜುತ್ತಲ್ಲ' ಅಂದರು ಅವರು. ನಿಮ್ಮೊಬ್ಬರದೇ ತಪ್ಪು ಅನ್ನುತ್ತಿಲ್ಲ. ಪೆಟ್ಟಿಗೆಗೆ ಎಷ್ಟೋ ಸಲ ನಾನೂ ಹಾಸಿದ್ದೇನೆ.

ಇನ್ನೊಂದು. ನಾನು ಅಳುತ್ತಿದ್ದೆ ಅಂತ ಬರೆದಿದ್ದೀರಿ. ನಿಜ. ಆದರೆ ನಿಮ್ಮನ್ನು ಬಾಗಿಲಲ್ಲಿ ಕಂಡ ಕೂಡಲೇ ಕೂಗಿದೆ. 'ಅಪ್ಪಾ ಬ್ಯಾಡ' ಅಂತ ಮೂರು ಸಲ ಕೂಗಿದೆ. ಅದನ್ನು ನೀವು ಬರೆಯಲಿಲ್ಲ.

ತೇಜು

* * *

ಮಡಿಕೇರಿ ಜೈಲು
4 ಮಾರ್ಚ್ 2025

ತೇಜು,

ಹೊಟ್ಟಂತೆ! ಇಪ್ಪತ್ತೆರಡು ವರ್ಷ ಕಾಫಿ ಸುಲಿಯುವ ಹಲ್ಲರ್ ಮೆಷಿನ್ ಓಡಿಸಿ, ಹೊಟ್ಟು ಉಸಿರಾಡಿ, ಹೊಟ್ಟು ಕೆಮ್ಮಿದವನಿಗೆ ಹೊಟ್ಟಿನ ಪಾಠ ಹೇಳಿಕೊಡುತ್ತೀಯಾ? ಅದು ಹೂವಿನಷ್ಟು ಹಗುರ. ಕುಶಾಲನಗರದಿಂದ ಶಿರಂಗಾಲದ ತನಕ ಯಾವ ಕೋಳಿಗೂಡಿಗೆ ಬೇಕಾದರೂ ಹೋಗಿ ನೋಡು, ಯಾವ ಕರುವಿನ ಕೊಟ್ಟಿಗೆಗೆ ಬೇಕಾದರೂ ಹೋಗಿ ನೋಡು. ಒಂದು ಪ್ರಾಣಿಯಾದರೂ ಅದರಿಂದ ಸತ್ತದ್ದನ್ನು ತೋರಿಸಿದರೆ ನನ್ನ ಕತ್ತನ್ನೇ ಕೊಡುತ್ತೇನೆ.

ಆ ಡಾಕ್ಟರಮ್ಮನಿಗೆ ಕೀರ್ತಿ ಏನು ಹೇಳಿಕೊಟ್ಟನೋ. ಏಳು ಚೂರಂತೆ, ಎಣಿಸಿಟ್ಟಿದ್ದಾಳೆ. ಅವಳು ಎದುರಿಗಿದ್ದಿದ್ದರೆ ಆ ಏಳನ್ನೂ ಅವಳ ಬಾಯಿಗೇ ತುರುಕುತ್ತಿದ್ದೆ.

ನೀನು ಕೂಗಲಿಲ್ಲ. ನಿನ್ನ ಬಾಯಿ ತೆರೆದಿತ್ತು, ಸದ್ದು ಬಂದದ್ದು ಹಲಸನಿಂದ. ನನಗೆ ಯಾರ ಮಾತೂ ಕೇಳಿಸಲಿಲ್ಲ. ಮತ್ತೆ ಕೀರ್ತಿ ಚಿಮುಟ ಹಿಡಿದು ನನ್ನ ಮೇಲೆ ಎದ್ದ. ಅದನ್ನು ನೀನು ನೋಡಿದೆ. ಚೆನ್ನಾಗಿ ನೆನಪು ಮಾಡಿಕೋ. ನೋಡಿದ್ದೀಯ.

ಲಾಯರ್ ಹೇಳಿದ ಹಾಗೆ ನಡೆ. ಕಾಲೇಜಿಗೆ ಹೋಗುವುದನ್ನು ಬಿಡಬೇಡ. ಯಾರಾದರೂ ನನ್ನ ವಿಷಯ ಎತ್ತಿ ರೇಗಿಸಿದರೆ ಹೆಸರು ಬರೆದಿಟ್ಟುಕೋ. ನಾನು ಬಂದು ನೋಡಿಕೊಳ್ಳುತ್ತೇನೆ.

ಅಪ್ಪ

* * *

ಹೆಬ್ಬಾಲೆ
23 ಮಾರ್ಚ್ 2025

ಅಪ್ಪ,

ನಿಮ್ಮ ಲಾಯರ್ ಬಂದಿದ್ದರು. ಕಾಫಿ ಕುಡಿದರು. ಹಲಸನ ಪೆಟ್ಟಿಗೆಯನ್ನು ಬಗ್ಗಿ ನೋಡಿ ಮೂಗು ಮುಚ್ಚಿಕೊಂಡರು. ಆಮೇಲೆ ನನಗೆ ಎರಡು ಮಾತು ಕಲಿಸಿದರು. 'ಮಾವ ಪ್ರಾಣಿಗೆ ಹಿಂಸೆ ಕೊಡ್ತಾ ಇದ್ರು, ನಾನು ಹೆದರಿ ಅಳ್ತಾ ಇದ್ದೆ' ಅನ್ನುವುದು ಒಂದು. 'ಅಪ್ಪ ಕೇಳೋಕ್ ಹೋದಾಗ ಮಾವಾನೇ ಮೊದ್ಲು ಚಿಮುಟ ಎತ್ಕೊಂಡು ಬಂದ್ರು' ಅನ್ನುವುದು ಇನ್ನೊಂದು. ಇಷ್ಟು ಹೇಳಿದರೆ ನೀವು ಮನೆಗೆ ಬರುತ್ತೀರಂತೆ. ಹೇಳದಿದ್ದರೆ ಹತ್ತು ವರ್ಷದ ತನಕ ಆಗಬಹುದಂತೆ.

ಮಾವ ಎದ್ದಿದ್ದನಾ ಅಂತ ನಾನು ಅವರನ್ನೇ ಕೇಳಿದೆ. 'ಅದನ್ನ ನೀನ್ ಹೇಳ್ಬೇಕಮ್ಮ, ನಾನು ಅಲ್ಲಿರ್ಲಿಲ್ವಲ್ಲ' ಅಂದರು. ಮಾವ ಏಳಲಿಲ್ಲ ಅಪ್ಪ. ತಲೆ ಕೂಡ ಎತ್ತಲಿಲ್ಲ. ಒಂದು ಚೂರು ತುದಿಗೆ ಬಂದಿದೆ, ಅಲ್ಲಾಡಬೇಡ ಅಂತ ನನಗೆ ಹೇಳುತ್ತಿದ್ದ.

ಅತ್ತೆ ಅವತ್ತಿನಿಂದ ಇಲ್ಲೇ ಇದ್ದಾಳೆ. ಸೊಪ್ಪು ಬಿಡಿಸುವಾಗ, ಬಟ್ಟೆ ಒಣಗಿಸುವಾಗ, ನಾನು ಓದಲು ಕೂತಾಗ, ಒಂದೇ ಮಾತು: 'ಹೆತ್ತಪ್ಪನ್ನ ಜೈಲಲ್ಲಿ ಕೊಳೆಸ್ತೀಯೇನೇ? ಎರಡ್ ಮಾತು ಅಷ್ಟೇಯ. ಬಾಯೇನ್ ಸವ್ದೋಯ್ತದಾ?'

ಯೋಚನೆ ಮಾಡುತ್ತೇನೆ ಅಂದಿದ್ದೇನೆ. ಸುಳ್ಳಲ್ಲ, ನಿಜವಾಗಿಯೂ ಯೋಚಿಸುತ್ತಿದ್ದೇನೆ. ನೀವು ಮನೆಯಲ್ಲಿ ಇಲ್ಲದಿರುವುದು ನನಗೆ ಅಭ್ಯಾಸವಿಲ್ಲ. ಬೆಳಿಗ್ಗೆ ಎದ್ದು ಎರಡು ಲೋಟ ಇಡುತ್ತೇನೆ.

ತೇಜು

* * *

ಮಡಿಕೇರಿ ಜೈಲು
15 ಮೇ 2025

ತೇಜು ಮಗಳೇ,

ಒಂದು ತಿಂಗಳು ಕಾಗದ ಬರೆಯಲು ಬಿಡಲಿಲ್ಲ. ಬೇಲ್ ಅರ್ಜಿಯೂ ವಜಾ ಆಯಿತು. ಎರಡಕ್ಕೂ ಕಾರಣ ನಾನೇ ಅಂತ ಶಶಿಕುಮಾರ್ ಬೈದು ಹೋದರು.

ಇಲ್ಲಿ ನನಗೆ ಹಂದಿಸ್ವಾಮಿ ಅಂತ ಹೆಸರಿಟ್ಟಿದ್ದಾರೆ. ಸಹಿಸಿಕೊಂಡಿದ್ದೆ. ಏಪ್ರಿಲಿನಲ್ಲಿ ಒಬ್ಬ ಊಟಕ್ಕೆ ಕೂತಾಗ ಎಲ್ಲರಿಗೂ ಕೇಳುವ ಹಾಗೆ, 'ನಿನ್ ಹಂದಿಗೆ ಅದು ಇನ್ನೂ ಐತಾ, ಕಡ್ದಾಯ್ತಾ?' ಅಂದ. ಎಲ್ಲರೂ ನಕ್ಕರು. ನನ್ನ ತಟ್ಟೆಯಲ್ಲಿ ಅನ್ನ ಇತ್ತು. ಅನ್ನದ ಸಮೇತ ತಟ್ಟೆಯ ಅಂಚನ್ನು ಅವನ ಬಾಯಿಗೆ ಹೊಡೆದೆ. ಎರಡನೇ ಸಲವೂ ಹೊಡೆದೆ. ಮೂರನೆಯದಕ್ಕೆ ನಾಲ್ಕು ಜನ ನನ್ನ ಬೆನ್ನ ಮೇಲಿದ್ದರು. ಅವನ ಮುಂದಿನ ಹಲ್ಲು ನನ್ನ ಅನ್ನದಲ್ಲಿ ಬಿದ್ದಿತ್ತು. ಆಮೇಲೆ ನನಗೂ ಬಿತ್ತು, ಪಕ್ಕೆಲುಬು ಇನ್ನೂ ನೋಯುತ್ತದೆ.

ಆಮೇಲೆ ನನ್ನೊಬ್ಬನನ್ನೇ ಬೇರೆ ಕೂಡಿಹಾಕಿದ್ದರು. ಮಾಡಲು ಏನೂ ಇರಲಿಲ್ಲ. ಹೊಟ್ಟಿನದೇ ಯೋಚನೆ. ಹೊಟ್ಟು ತಂದ ಮೇಲೆ ನಾನೇ ಜಾಲರಿಯಲ್ಲಿ ಹಾಕಿ ಧೂಳು ಕೊಡವುತ್ತಿದ್ದೆ, ನಿನಗೆ ಗೊತ್ತಲ್ಲ. ಹಲಸನಿಗೆ ಸೀನು ಬರಬಾರದು ಅಂತ. ಎರಡು ಬಿಸಿಲು ಒಣಗಿಸುತ್ತಿದ್ದೆ. ಬಿಸಿಲಿಗೆ ಒಣಗಿದ ಮೇಲೆ ಅದು ಗರಿಗರಿಯಾಗುತ್ತಿತ್ತು. ಕೈಯಲ್ಲಿ ಹಿಡಿದು ಮುರಿದರೆ ಬೆರಳು ಗೀರುತ್ತಿತ್ತು. ಗೀರುತ್ತಿತ್ತು ಅನ್ನುವುದು ನನಗೆ ಗೊತ್ತಿತ್ತು. ನನ್ನ ಕೈ ದಪ್ಪ, ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ.

ಇರಲಿ. ಹೊಟ್ಟಿನಿಂದಲೇ ಆಗಿರಲಿ. ಅದು ಬೇರೆ, ಕೋರ್ಟು ಬೇರೆ. ನನಗೆ ಐವತ್ತೆರಡು ವರ್ಷ. ಹತ್ತು ವರ್ಷ ಅಂದರೆ ಇಲ್ಲಿಂದ ಹೊರಗೆ ಬರುವವನು ನಾನಲ್ಲ, ಯಾವನೋ ಮುದುಕ. ನಿನ್ನನ್ನು ಈ ಕೈಯಲ್ಲಿ ಎತ್ತಿ ಬೆಳೆಸಿದ್ದೇನೆ. ನಿನ್ನ ಮೇಲೆ ಒಂದು ಸಲವಾದರೂ ಕೈ ಮಾಡಿದ್ದೇನಾ, ನೀನೇ ಹೇಳು. ನನಗೆ ನೀನೊಬ್ಬಳೇ. ಎರಡು ಮಾತು, ತೇಜು.

ಅಪ್ಪ

* * *

ಹೆಬ್ಬಾಲೆ
10 ಜೂನ್ 2025

ಅಪ್ಪ,

ನನ್ನ ಮೇಲೆ ಕೈ ಮಾಡಿದ್ದೀರಾ ಅಂತ ಕೇಳಿದ್ದೀರಿ. ಇಲ್ಲ. ಒಂದು ಸಲವೂ ಇಲ್ಲ. ಅಮ್ಮನ ಮೇಲೆ ಎಷ್ಟು ಸಲ ಅಂತ ಕೇಳಬೇಕಿತ್ತು.

ಅಮ್ಮನ ಎಡಗಿವಿ ಹೇಗೆ ಹೋಯಿತು ಅಂತ ನಾವಿಬ್ಬರೂ ಮಾತನಾಡಿಲ್ಲ. ಗ್ಯಾಸ್ ಸಿಲಿಂಡರ್ ಬುಕ್ ಮಾಡಲು ಮರೆತಿದ್ದಳು. ಒಂದೇ ಏಟು, ಬಾಗಿಲು ಬಡಿದ ಹಾಗೆ ಸದ್ದಾಯಿತು. ಆಸ್ಪತ್ರೆಯಲ್ಲಿ ಡಾಕ್ಟರು ನನ್ನನ್ನು ಪಕ್ಕಕ್ಕೆ ಕರೆದು ಮೆಲ್ಲಗೆ ಕೇಳಿದರು. ನನಗೆ ಒಂಬತ್ತು ವರ್ಷ. 'ಬಚ್ಚಲಲ್ಲಿ ಜಾರಿ ಬಿದ್ದಳು' ಅಂದೆ. ಅದನ್ನು ನನಗೆ ಯಾರೂ ಕಲಿಸಿಕೊಟ್ಟಿರಲಿಲ್ಲ. ವಾಪಸು ಬರುವಾಗ ನೀವು ನನಗೆ ಬಾದಾಮಿ ಹಾಲು ಕುಡಿಸಿದಿರಿ, ತಲೆ ಸವರಿದಿರಿ. ನಾನು ಒಳ್ಳೆಯ ಕೆಲಸ ಮಾಡಿದ್ದೇನೆ ಅಂತಲೇ ಅಂದುಕೊಂಡೆ. ಕಾಮಾಲೆಯಾಗಿ ಸಾಯುವ ತನಕ ಅಮ್ಮ ಬಲಗಡೆಯಿಂದ ಕರೆದರೆ ಮಾತ್ರ ತಿರುಗುತ್ತಿದ್ದಳು.

ಅವತ್ತು ನಾನು ಆ ಡಾಕ್ಟರಿಗೆ ನಿಜ ಹೇಳಿದ್ದಿದ್ದರೆ, ಯಾರಾದರೂ ಒಬ್ಬರು ನಿಮ್ಮನ್ನು ನಿಲ್ಲಿಸಿ ಕೇಳಿದ್ದಿದ್ದರೆ, ಮಾವನ ಬೆರಳು ಇರುತ್ತಿತ್ತೋ ಏನೋ. ಇದು ತಲೆಗೆ ಬಂದಾಗ ನನಗೆ ನಿಮ್ಮ ಮೇಲಲ್ಲ, ನನ್ನ ಮೇಲೇ ಸಿಟ್ಟು ಬರುತ್ತದೆ.

ಹೋದ ವಾರ ಚಪಾತಿ ಲಟ್ಟಿಸುತ್ತಿದ್ದೆ. ಅತ್ತೆ ಮತ್ತೆ ಶುರು ಮಾಡಿದಳು. 'ಬೆರಳ್ ಹೋದೋನ್ಗೆ ಇನ್ನೊಂದ್ ಕೈ ಐತೆ, ನನ್ ತಮ್ಮಂಗೆ ಏನೈತೆ?' ಅಂದಳು. ಲಟ್ಟಣಿಗೆ ನನ್ನ ಕೈಯಿಂದ ಹೋದದ್ದು ನನಗೇ ಗೊತ್ತಾಗಲಿಲ್ಲ. ಗೋಡೆಗೆ ಬಡಿದು ಎರಡಾಯಿತು. ಅತ್ತೆಯ ಕಿವಿಗೂ ಅದು ಬಡಿದ ಜಾಗಕ್ಕೂ ನಾಲ್ಕು ಬೆರಳು ಅಂತರ. ಅತ್ತೆ ಗೋಡೆ ನೋಡಿ, 'ನಿಮ್ಮಪ್ಪಂದೇ ರಕ್ತ ಕಣೇ' ಅಂದಳು. ಹೊಗಳಿದ ಹಾಗೆ ಹೇಳಿದಳು. ನಾನು ಎರಡು ತುಂಡನ್ನೂ ಹಿತ್ತಲಿಗೆ ತೆಗೆದುಕೊಂಡು ಹೋಗಿ ಸುಟ್ಟೆ.

ಹಲಸನಿಗೆ ಈಗ ಹಳೆಯ ಕಂಬಳಿಯ ತುಂಡು ಹಾಸಿದ್ದೇನೆ. ಮಾವ ದಿನಾ ಸಂಜೆ ಬಂದು ಎಡಗೈಯಲ್ಲಿ ಮುಲಾಮು ಹಚ್ಚುತ್ತಾನೆ. ಮೊದಲೆಲ್ಲ ಎಡಗೈ ಪಳಗದೆ ನೋವಾಗಿಸಿದಾಗ ಹಲಸ ಕಚ್ಚುತ್ತಿದ್ದ. ಈಗ ಇಬ್ಬರಿಗೂ ರೂಢಿಯಾಗಿದೆ.

ತೇಜು

* * *

2 ಆಗಸ್ಟ್ 2025

ತೇಜಸ್ವಿನಿ,

ಈ ಕಾಗದ ಆಫೀಸಿನ ಮೂಲಕ ಬಂದದ್ದಲ್ಲ. ಬಿಡುಗಡೆಯಾಗಿ ಹೊರಟವನ ಕೈಯಲ್ಲಿ ಕಳಿಸುತ್ತಿದ್ದೇನೆ. ಓದಿ ಸುಟ್ಟುಬಿಡು.

ದಿನಾ ಸಂಜೆ ನನ್ನ ಮನೆಗೆ ಬರುತ್ತಾನಾ ಅವನು? ನಾನು ಕಟ್ಟಿದ ಮನೆಯ ನಡುಮನೆಯಲ್ಲಿ ಕೂತು ನನ್ನ ಮಗಳ ಕೈಯ ಕಾಫಿ ಕುಡಿಯುತ್ತಾನಾ? ಸತ್ತವಳ ಕಿವಿಯ ಕಥೆ ನಿನಗೆ ನೆನಪಿಸಿ ಕೊಟ್ಟವನೂ ಅವನೇ ಇರಬೇಕು. ತನ್ನ ಅಕ್ಕನ ಲೆಕ್ಕ ಈಗ ಚುಕ್ತಾ ಮಾಡುತ್ತಿದ್ದಾನೆ.

ಮುಂದಿನ ತಿಂಗಳೋ ಅದರ ಮುಂದಿನ ತಿಂಗಳೋ ನಿನ್ನನ್ನು ಸಾಕ್ಷಿಗೆ ಕರೆಯುತ್ತಾರೆ. ಶಶಿಕುಮಾರ್ ಹೇಳಿಕೊಟ್ಟ ಎರಡು ಮಾತು ನಿನ್ನ ಬಾಯಿಂದ ಬರಬೇಕು. ಬರಲಿಲ್ಲ ಅಂದುಕೋ. ಐದು ವರ್ಷ ಹಾಕಲಿ, ಹತ್ತು ವರ್ಷ ಹಾಕಲಿ, ನಾನು ಒಂದಲ್ಲ ಒಂದು ದಿನ ಈ ಗೇಟಿನಿಂದ ಹೊರಗೆ ಬಂದೇ ಬರುತ್ತೇನೆ. ನೆಟ್ಟಗೆ ಹೆಬ್ಬಾಲೆಯ ಬಸ್ಸು ಹತ್ತುತ್ತೇನೆ. ಅವತ್ತು ಆ ಮನೆಯೊಳಗೆ ಯಾರು ಯಾರು ಇರಬೇಕು ಅನ್ನುವುದನ್ನು ನೀನು ಈಗಲೇ ಯೋಚಿಸಿ ಇಟ್ಟುಕೋ.

ಅವನಿಗೆ ಇನ್ನೊಂದು ಕೈ ಇದೆ ಅಂತ ಕಾಮಾಕ್ಷಮ್ಮಕ್ಕ ಹೇಳಿದ್ದು ಸುಳ್ಳೇನಲ್ಲ.

ಸಣ್ಣಸ್ವಾಮಿ

* * *

ಹೆಬ್ಬಾಲೆ
28 ಸೆಪ್ಟೆಂಬರ್ 2025

ಅಪ್ಪ,

ಹಲಸ ಸೆಪ್ಟೆಂಬರ್ ಹನ್ನೊಂದರಂದು ಹೋದ. ಆಪರೇಷನ್ ಆದ ಜಾಗ ಮಾಗುತ್ತಾ ಮಾಗುತ್ತಾ ಬಿಗಿದುಕೊಂಡು, ಮೂತ್ರದ ದಾರಿಯೇ ಮುಚ್ಚಿಹೋಯಿತು. ಇನ್ನೊಂದು ಸಲ ಬಿಡಿಸಿ ಕೊಡುತ್ತೇನೆ ಅಂತ ಡಾಕ್ಟರಮ್ಮ ಹೇಳಿದ್ದರು. ಮೈಸೂರಿಗೆ ಹೋಗುವಾಗ ಕಾರಿನಲ್ಲೇ, ಪಿರಿಯಾಪಟ್ಟಣ ದಾಟುವ ಮೊದಲೇ, ನನ್ನ ಮಡಿಲಲ್ಲಿ ಮುಳ್ಳು ನಿಮಿರಿಸಿಕೊಂಡು ಒಂದು ಸಲ ಚೀರಿದ. ಮುಳ್ಳು ಮತ್ತೆ ಇಳಿಯಲಿಲ್ಲ. ಮುಳ್ಳಿಗೆ ಒತ್ತಿಹೋಗಿದ್ದ ನನ್ನ ಬೆರಳುಗಳನ್ನು ಮಾವ ಒಂದೊಂದಾಗಿ ಬಿಡಿಸಿದ.

ನಿಮ್ಮ ಆಗಸ್ಟಿನ ಕಾಗದ ತಲುಪಿತು. ಕೊನೆಯ ಹಾಳೆಯನ್ನು ಮಾತ್ರ ಮಾವನಿಗೆ ತೋರಿಸಿದೆ. ಓದಿ, ಮಡಿಸಿ ಕೊಟ್ಟು, 'ಸುಟ್ಟಾಕು ಮಗಾ, ಭಾವಂಗೆ ಶಿಕ್ಷೆ ಇನ್ನೂ ಜಾಸ್ತಿ ಆಯ್ತದೆ' ಅಂದ. ಹೌದು, ಹಾಗೆಯೇ ಅಂದ. ಅಮ್ಮನ ಕಿವಿಯ ವಿಷಯ ಅವನಿಗೆ ಇವತ್ತಿಗೂ ಗೊತ್ತಿಲ್ಲ. ಬಚ್ಚಲಲ್ಲಿ ಬಿದ್ದಳು ಅಂತಲೇ ನಂಬಿದ್ದಾನೆ. ನಾನು ಕಾಗದ ಸುಡಲಿಲ್ಲ. ಕೋರ್ಟಿಗೂ ಕೊಡುವುದಿಲ್ಲ. ಕಾಲೇಜು ಬ್ಯಾಗಿನಲ್ಲಿ ಇಟ್ಟುಕೊಂಡಿದ್ದೇನೆ. ನಿಮ್ಮನ್ನು ನೆನೆದು ಮನಸ್ಸು ಮೆತ್ತಗಾದಾಗ ತೆಗೆದು ಓದುತ್ತೇನೆ. ಮೆತ್ತಗಾಗುತ್ತದೆ ಅಪ್ಪ, ವಾರಕ್ಕೆ ಎರಡು ಮೂರು ಸಲ ಆಗುತ್ತದೆ.

ಅತ್ತೆಯನ್ನು ಅವಳ ಮನೆಗೆ ಕಳಿಸಿದ್ದೇನೆ.

ಅಕ್ಟೋಬರ್ ಹದಿನಾರಕ್ಕೆ ನನ್ನ ಸಾಕ್ಷಿ. ಸಮನ್ಸ್ ಬಂದಿದೆ. ಮಾವ ಏಳಲಿಲ್ಲ ಅಂತ ಹೇಳುತ್ತೇನೆ. ಚಿಮುಟ ಯಾಕಿತ್ತು ಅಂತ ಹೇಳುತ್ತೇನೆ. ನಾನು ಮೂರು ಸಲ ಕೂಗಿದೆ ಅಂತ ಹೇಳುತ್ತೇನೆ. ಇದರಿಂದ ನಿಮಗೆ ಏನಾಗುತ್ತದೆ ಅಂತ ಗೊತ್ತಿದ್ದೇ ಹೇಳುತ್ತೇನೆ.

ನನಗೆ ನಿಮ್ಮನ್ನು ಕಂಡರೆ ಭಯ. ನೀವು ಇಲ್ಲದ ಎಂಟು ತಿಂಗಳಲ್ಲಿ ನನಗೆ ಇದು ತಿಳಿಯಿತು. ಬಾಗಿಲ ಸದ್ದಾದರೆ ನಾನು ಮೊದಲು ಕೈ ನೋಡುತ್ತೇನೆ, ಮುಖ ಆಮೇಲೆ. ಬಂದವರು ಹಾಲಿನವರಾದರೂ ಅಷ್ಟೇ.

ತೇಜು

* * *

ಮಡಿಕೇರಿ ಜೈಲು
4 ಡಿಸೆಂಬರ್ 2025

ತೇಜು,

ಇಷ್ಟು ದಿನ ಬರೆಯಲಿಲ್ಲ. ಬರೆದು ಹರಿದದ್ದು ನಾಲ್ಕಿವೆ. ಅದರಲ್ಲಿ ಎರಡು ನೀನು ಓದುವಂಥವಲ್ಲ.

ಅಕ್ಟೋಬರ್ ಹದಿನಾರರಂದು ನೀನು ಕೋರ್ಟಿನೊಳಗೆ ಬಂದಾಗ ನಾನು ಬಾಗಿಲ ಪಕ್ಕದಲ್ಲೇ ನಿಂತಿದ್ದೆ. ಆ ಕಡೆ ಒಬ್ಬ ಪೊಲೀಸ್, ಈ ಕಡೆ ಒಬ್ಬ. ಸಾಕ್ಷಿಕಟ್ಟೆಗೆ ಹೋಗಲು ನನ್ನ ಮುಂದೆ ಹಾದರೆ ಐದು ಹೆಜ್ಜೆ. ನೀನು ಹಾಗೆ ಬರಲಿಲ್ಲ. ಬೆಂಚುಗಳ ಹಿಂದೆ ಹೋಗಿ, ಗೋಡೆಗೆ ಒತ್ತಿಕೊಂಡು, ಇಡೀ ಕೋಣೆ ಸುತ್ತಿ ಬಂದೆ. ನನ್ನ ಬರಿಗೈಗೆ ಕೂಡ ಹೆದರಿ ಅಷ್ಟು ದೂರ. ಅದನ್ನು ನೋಡಿ ನನಗೆ ಯಾರಿಗಾದರೂ ಹೊಡೆಯಬೇಕು ಅನ್ನಿಸಿತು. ಯಾರಿಗೆ ಅಂತ ಸುತ್ತಲೂ ನೋಡಿದೆ. ಯಾರೂ ಸಿಗಲಿಲ್ಲ.

ನೀನು ಎಲ್ಲವನ್ನೂ ಹೇಳಿದೆ. ನನ್ನ ಕಡೆ ನೋಡದೆ ಹೇಳಿದೆ, ಆದರೆ ನಡುಗದೆ ಹೇಳಿದೆ. ಆಮೇಲೆ ಶಶಿಕುಮಾರ್ ಎದ್ದು, 'ನಿಮ್ಮ ತಂದೆಗೆ ನಿಮ್ಮ ಕೂಗು ಕೇಳಿಸಿರಲಿಕ್ಕಿಲ್ಲ, ಅಲ್ಲವೇ?' ಅಂತ ಕೇಳಿದರು. ನೀನು 'ಅದು ನನಗೆ ಗೊತ್ತಿಲ್ಲ' ಅಂದೆ. ಕೇಳಿಸಿತ್ತು ಅಂತ ನೀನು ಹೇಳಬಹುದಿತ್ತು. ನಿನಗೆ ಗೊತ್ತಿಲ್ಲದ್ದನ್ನು ನನ್ನ ಮೇಲೆ ಹೊರಿಸಲಿಲ್ಲ. ಶಶಿಕುಮಾರ್ ಖುಷಿಯಿಂದ ಕೂತರು. ಈ ಒಂದು ಮಾತು ಸಾಕು, ಇದನ್ನೇ ಹಿಡಿದು ಶಿಕ್ಷೆ ಕಡಿಮೆ ಮಾಡಿಸುತ್ತೇನೆ ಅಂದರು.

ನಿನ್ನೆ ನನ್ನ ಹೇಳಿಕೆ ಇತ್ತು. ಸಾಕ್ಷಿಗಳು ಹೇಳಿದ್ದನ್ನು ಜಡ್ಜ್ ಒಂದೊಂದಾಗಿ ಓದಿ, ಇದಕ್ಕೆ ಏನು ಹೇಳುತ್ತೀಯ ಅಂತ ಕೇಳುತ್ತಾರೆ. ಎಲ್ಲದಕ್ಕೂ 'ಸುಳ್ಳು' ಅನ್ನಬೇಕು, ಬೇರೆ ಒಂದಕ್ಷರ ಆಡಬಾರದು ಅಂತ ಶಶಿಕುಮಾರ್ ಕಲಿಸಿಕೊಟ್ಟಿದ್ದರು. ಪೊಲೀಸರು ಹೇಳಿದ್ದಕ್ಕೆ ಸುಳ್ಳು ಅಂದೆ. ಡಾಕ್ಟರಮ್ಮ ಹೇಳಿದ್ದಕ್ಕೆ ಸುಳ್ಳು ಅಂದೆ. ಕೀರ್ತಿ ಹೇಳಿದ್ದಕ್ಕೂ ಸುಳ್ಳು ಅಂದೆ, ನಾಲಿಗೆ ತಾನೇ ಓಡುತ್ತಿತ್ತು. ಆಮೇಲೆ ನಿನ್ನ ಸರದಿ ಬಂತು. 'ನೀನು ಕತ್ತಿ ಹಿಡಿದು ಬಂದದ್ದನ್ನು ಕಂಡು ಮೂರು ಸಲ ಬೇಡ ಎಂದು ಕೂಗಿದ್ದಾಗಿ ನಿನ್ನ ಮಗಳು ಹೇಳಿದ್ದಾಳೆ, ಇದಕ್ಕೆ ಏನು ಹೇಳುತ್ತೀಯ?' ಅಂದರು ಜಡ್ಜ್.

ನಿಜ ಅಂದೆ.

ಶಶಿಕುಮಾರ್ ಫೈಲು ಕೆಳಗಿಟ್ಟರು. ಜಡ್ಜ್ ತಲೆಯೆತ್ತಿ, 'ನಿನಗೆ ಕೇಳಿಸಿತ್ತೇ?' ಅಂತ ಕೇಳಿದರು.

ಮೂರೂ ಕೇಳಿಸಿತ್ತು ಅಂದೆ. ಮೊದಲನೆಯದು ಕೇಳಿದಾಗ ಹೊಸ್ತಿಲ ಮೇಲಿದ್ದೆ. ಎರಡನೆಯದಕ್ಕೆ ಕತ್ತಿ ಮೇಲೆ ಹೋಗುತ್ತಿತ್ತು. ಮೂರನೆಯದು ಕೇಳಿದಾಗ ಕತ್ತಿ ನನ್ನ ತಲೆಯ ಮೇಲಿತ್ತು, ಕೀರ್ತಿಯ ಕೈ ಅಲ್ಲಾಡದೆ ಹಲಸನ ಹೊಟ್ಟೆಯ ಮೇಲಿತ್ತು. ಅವನು ಔಷಧಿ ಮಾಡುತ್ತಿದ್ದಾನೆ ಅಂತ ಆ ಕ್ಷಣಕ್ಕೆ ಗೊತ್ತಾಯಿತು. ಪಕ್ಕದಲ್ಲಿ ಸಕ್ಕರೆ ನೀರಿನ ಬಟ್ಟಲಿತ್ತು, ಹತ್ತಿ ಇತ್ತು, ಎಲ್ಲ ಕಂಡಿತು. ಎತ್ತಿದ ಕೈಯನ್ನು ಸುಮ್ಮನೆ ಇಳಿಸಿ ನನಗೆ ಅಭ್ಯಾಸವಿಲ್ಲ ಸ್ವಾಮಿ, ಅದಕ್ಕೇ ಹೊಡೆದೆ ಅಂದೆ. ಅವರು ನಾನು ಹೇಳಿದ ಹಾಗೆಯೇ ಬರೆಸಿಕೊಂಡರು. ಕೆಳಗೆ ಸಹಿ ಹಾಕಿದ್ದೇನೆ.

ತೀರ್ಪು ಮುಂದಿನ ತಿಂಗಳು. ಎಷ್ಟು ವರ್ಷವಾದರೂ ನೀನು ನೋಡಲು ಬರಬೇಡ. ನಾನು ಹೊರಗೆ ಬಂದ ದಿನ ಹೆಬ್ಬಾಲೆಯ ಬಸ್ಸು ಹತ್ತಬಾರದು ಅಂದುಕೊಂಡಿದ್ದೇನೆ. ಆದರೆ ನನ್ನ ಮಾತನ್ನು ನಾನೇ ನಂಬುವುದಿಲ್ಲ. ಬಂದರೆ ಬಂದೇನು. ಬಾಗಿಲು ತಟ್ಟಿದರೆ ತೆಗೆಯಬೇಡ. ಅಳುತ್ತಾ ತಟ್ಟಿದರೂ ತೆಗೆಯಬೇಡ.

ಅಪ್ಪ